ಹಳದಿ ಪೆನ್ನು 8.9 ಅಂದಾಗ

ಕಳೆದ ವರ್ಷ ಏಪ್ರಿಲ್‌ನಲ್ಲಿ ನನ್ನ ತೊಟ್ಟಿಯಲ್ಲಿ ನಾಲ್ಕು ದಿನಕ್ಕೆ ಮೂರು ಏಂಜೆಲ್ ಮೀನು ಸತ್ತವು. ರೋಗ ಗೀಗ ಏನೂ ಇರಲಿಲ್ಲ. ಕರೆಂಟೂ ಹೋಗಿರಲಿಲ್ಲ. ನಾನೇ ಸಾಯಿಸಿದ್ದು, ಅದೂ ಕೈಯಲ್ಲಿ ಡಿಜಿಟಲ್ ಮೀಟರ್ ಹಿಡಿದುಕೊಂಡು, ದಿನಾ ಬೆಳಿಗ್ಗೆ ಎರಡು ದಶಮಾಂಶದವರೆಗೆ ಅಳೆದು ನೋಡಿ ಸಾಯಿಸಿದ್ದು. ಅದಕ್ಕೇ ಈ ಬರಹ. ಕಲಬುರಗಿಯಲ್ಲಿ ಮೀನು ಸಾಕುವವರು ಈಗ ಜಾಸ್ತಿ ಆಗಿದ್ದಾರೆ, ಎಲ್ಲರ ಕೈಯಲ್ಲೂ ನೀರು ಅಳೆಯುವ ಆ ಹಳದಿ ಪೆನ್ನು ಇದೆ, ಮತ್ತು ಬಹಳ ಜನ ನಾನು ಮಾಡಿದ ತಪ್ಪನ್ನೇ ಮಾಡುತ್ತಿದ್ದಾರೆ.

ನನ್ನದು ಮೂರು ಅಡಿ ಉದ್ದದ ತೊಟ್ಟಿ. ಕಲ್ಲು, ಮರಳು ಕಳೆದರೆ ಸುಮಾರು 110 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ಎರಡು ಪೆನ್ನು ತಂದಿದ್ದೆ. ಒಂದು ಪಿಎಚ್ ನೋಡಲು, ಅಂದರೆ ನೀರು ಹುಳಿಯೋ ಕ್ಷಾರವೋ ಅಂತ (7 ನಡುವಿನದು, ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ). ಇನ್ನೊಂದು ಟಿಡಿಎಸ್ ನೋಡಲು, ಅಂದರೆ ಒಂದು ಲೀಟರ್ ನೀರಲ್ಲಿ ಉಪ್ಪು, ಖನಿಜ ಎಷ್ಟು ಮಿಲಿಗ್ರಾಂ ಕರಗಿದೆ ಅಂತ; ಈ ಲೆಕ್ಕಕ್ಕೆ ಪಿಪಿಎಂ ಅನ್ನುತ್ತಾರೆ. ಪಿಎಚ್ ಪೆನ್ನಿನ ಡಬ್ಬಿಯಲ್ಲಿ ಸಣ್ಣ ಸಣ್ಣ ಪುಡಿ ಪೊಟ್ಟಣಗಳಿದ್ದವು, ಜೊತೆಗೆ ಬೊಂಬೆಗೆ ಮಾಡಿದಂಥ ಒಂದು ಚಿಕ್ಕ ಸ್ಕ್ರೂಡ್ರೈವರ್. ಇವು ಯಾಕೆ ಅಂತ ಅಂಗಡಿಯವನನ್ನು ಕೇಳಿದೆ. "ಅದೇನ್ ಬ್ಯಾಡ್ರಿ ಅಣ್ಣ, ಫ್ಯಾಕ್ಟರಿಯಾಗೇ ಸೆಟ್ ಆಗಿ ಬರ್ತದ. ನೀರಾಗ ಅದ್ರಿ, ನೋಡ್ರಿ, ಅಷ್ಟೇ" ಅಂದ. ನನಗೂ ಅದೇ ಬೇಕಿತ್ತು. ಪೊಟ್ಟಣಗಳು ಮೇಜಿನ ಖಾನೆ ಸೇರಿದವು.

ಮೊದಲ ದಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಪೆನ್ನು ಅದ್ದಿದ್ದೆ. ಅವ್ವ ಹಿಂದೆ ಬಂದು ನಿಂತಳು. "ಏನ್ ಮಾಡ್ಲಾಕತ್ತಿಯೋ? ಮೀನಿಗೆ ಜ್ವರ ಬಂದದೇನು?" ಅಂದಳು. ನಕ್ಕುಬಿಟ್ಟೆ. ಅಷ್ಟರಲ್ಲಿ ಅಂಕಿ ನಿಂತಿತು. 8.93.

ಏಂಜೆಲ್ ಮೀನಿಗೆ 6.5ರಿಂದ 7.5 ಒಳ್ಳೆಯದು ಅಂತ ಎಲ್ಲ ಕಡೆ ಓದಿದ್ದೆ. 8.93 ಅಂದರೆ ಗಾಬರಿ ಆಗಲೇಬೇಕಲ್ವಾ? ಪಿಎಚ್ ಇಳಿಸುವ ದ್ರವದ ಬಾಟಲಿ ತಂದೆ. ಹಾಕಿದೆ, ಅಂಕಿ ಇಳಿಯಿತು, ಖುಷಿ ಆಯಿತು. ಮರುದಿನ ನೋಡಿದರೆ ಮತ್ತೆ 8.8. ಇನ್ನಷ್ಟು ಹಾಕಿದೆ. ಮತ್ತೆ ಇಳಿಯಿತು, ಮತ್ತೆ ಏರಿತು. ನಮ್ಮದು ಸುಣ್ಣಕಲ್ಲಿನ ಸೀಮೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದ ಕೆಳಗೆಲ್ಲ ಅದೇ ಕಲ್ಲು, ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದಿದ್ದೇ ಅದಕ್ಕೆ. ಆ ಕಲ್ಲಿನ ಸಂದಿಯಿಂದ ಬರುವ ಬೋರ್ ನೀರಲ್ಲಿ ಬೈಕಾರ್ಬೊನೇಟ್ ತುಂಬಿರುತ್ತದೆ. ನಾವು ಹಾಕಿದ ಆಮ್ಲವನ್ನು ಅದು ತಿಂದುಹಾಕುತ್ತದೆ. ಆಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ನೀರಲ್ಲಿ ಇರುವವರೆಗೆ ಪಿಎಚ್ ಕೆಳಗಿರುತ್ತದೆ, ಗಾಳಿಯಂತ್ರ ಅದನ್ನು ಹೊರಗೆ ಹಾಕುತ್ತಿದ್ದ ಹಾಗೆ ಅಂಕಿ ಮೇಲಕ್ಕೆ ವಾಪಸ್ ಬರುತ್ತದೆ. ಅಂದರೆ ಮೀನುಗಳನ್ನು ನಾನು ದಿನಾ ಉಯ್ಯಾಲೆಯಲ್ಲಿ ಕೂರಿಸಿ ತೂಗುತ್ತಿದ್ದೆ. 8.2ರ ನೀರಲ್ಲಿ ಏಂಜೆಲ್ ಮೀನು ಹೇಗೋ ಹೊಂದಿಕೊಂಡು ಬದುಕುತ್ತದೆ. ಒಂದೇ ದಿನದಲ್ಲಿ ಅಷ್ಟು ಇಳಿದು ಏರಿದರೆ ತಾಳುವುದಿಲ್ಲ.

8.2 ಅಂತ ಯಾಕೆ ಬರೆದೆ ಅಂದರೆ, ನೀರಿನ ನಿಜವಾದ ಪಿಎಚ್ ಅಷ್ಟೇ ಇತ್ತು. ಮೂರನೇ ಮೀನು ಸತ್ತ ದಿನ ರಾತ್ರಿ, ಸಿಟ್ಟಿನಲ್ಲಿ, ಖಾನೆಯಿಂದ ಆ ಪೊಟ್ಟಣಗಳನ್ನು ತೆಗೆದೆ. ಆ ಪುಡಿ ಕಲಸಿದ ನೀರಿನ ಪಿಎಚ್ ಪೊಟ್ಟಣದ ಮೇಲೆ ಬರೆದಷ್ಟೇ ಇರುತ್ತದೆ, ಪೆನ್ನು ಸರಿ ಇದೆಯೋ ಇಲ್ಲವೋ ನೋಡಲು ಅದನ್ನು ಕೊಟ್ಟಿರುತ್ತಾರೆ. 6.86 ಅಂತ ಬರೆದ ಪುಡಿಯನ್ನು ಕಲಸಿ ಪೆನ್ನು ಅದ್ದಿದೆ. 7.52 ತೋರಿಸಿತು. ಪಿಎಚ್ ಲೆಕ್ಕದಲ್ಲಿ ಒಂದು ಅಂಕಿಗೆ ಹತ್ತು ಪಟ್ಟು, ಹಾಗಾಗಿ 0.66 ಅಂದರೆ ಸಣ್ಣ ತಪ್ಪಲ್ಲ, ನಾಲ್ಕೂವರೆ ಪಟ್ಟು ವ್ಯತ್ಯಾಸ.

ಹಾಗಾಗಿ ಮೊದಲ ಮಾತು: ಪೆನ್ನು ತಂದ ದಿನವೇ ಅದನ್ನು ಪುಡಿಯ ನೀರಲ್ಲಿ ಅದ್ದಿ ನೋಡಿ. ಮೀನಿನ ನೀರು ಆಮೇಲೆ. ಪರದೆಯ ಮೇಲೆ ಎರಡು ದಶಮಾಂಶ ಕಂಡ ಕೂಡಲೇ ಅದು ಅಷ್ಟು ನಿಖರ ಅಂತ ನಮ್ಮ ತಲೆ ನಂಬಿಬಿಡುತ್ತದೆ. ಆ ಎರಡನೇ ಅಂಕಿ ಅಲಂಕಾರ. ಚೆನ್ನಾಗಿ ಹೊಂದಿಸಿದ ಅಗ್ಗದ ಪೆನ್ನು 0.1ರ ಆಚೀಚೆ ಹೇಳಿದರೆ ಅದೇ ದೊಡ್ಡದು. ನಾನೀಗ ಎರಡನೇ ದಶಮಾಂಶವನ್ನು ಬರೆದುಕೊಳ್ಳುವುದೇ ಇಲ್ಲ.

ಪುಡಿ ಕಲಸುವುದು ಹೇಗೆ ಅನ್ನುವುದರಲ್ಲೂ ಎಡವಿದ್ದೇನೆ. ಸಾಮಾನ್ಯವಾಗಿ ಒಂದು ಪೊಟ್ಟಣಕ್ಕೆ 250 ಮಿಲಿ ನೀರು, ಪೊಟ್ಟಣದ ಮೇಲೆ ಬರೆದಿರುತ್ತದೆ, ಅಷ್ಟೇ ಹಾಕಬೇಕು. ನೀರು ಡಿಸ್ಟಿಲ್ಡ್ ಇರಬೇಕು. ಇಲ್ಲಿ ಅದು ಸಿಗುವುದು ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರಿನ ರೂಪದಲ್ಲಿ. ಆ ಕ್ಯಾನ್ ತಂದ ಮೇಲೆ ಮೊದಲು ಟಿಡಿಎಸ್ ಪೆನ್ನು ಅದ್ದಿ. ಸೊನ್ನೆಯಿಂದ ಐದರೊಳಗೆ ಇದ್ದರೆ ಸರಿ. ಒಮ್ಮೆ ನಾನು ತಂದದ್ದು 46 ತೋರಿಸಿತು. ಅಂದರೆ ಯಾರೋ ಆರ್‌ಒ ನೀರನ್ನೇ ತುಂಬಿ ಮಾರುತ್ತಿದ್ದರು. ಎರಡು ನೂರು ಚಿಲ್ಲರೆ ಕೊಟ್ಟ ಟಿಡಿಎಸ್ ಪೆನ್ನು ಅವತ್ತು ಅರ್ಧ ದುಡ್ಡು ವಸೂಲಿ ಮಾಡಿಕೊಟ್ಟಿತು ಅನ್ನಿ.

ಪೊಟ್ಟಣಗಳು ಸಾಮಾನ್ಯವಾಗಿ ಮೂರು ಬಗೆ: 4.01, 6.86, 9.18. ನಮ್ಮ ಊರಿನ ನೀರಿಗೆ 4.01 ಬೇಕಾಗಿಲ್ಲ, ಆ ಕಡೆಗೆ ನಮ್ಮ ನೀರು ಹೋಗುವುದೇ ಇಲ್ಲ. ಮೊದಲು 6.86ರಲ್ಲಿ ಅದ್ದಿ, ಅಂಕಿ ನಿಲ್ಲುವವರೆಗೆ ಒಂದೆರಡು ನಿಮಿಷ ಕಾದು, ಸ್ಕ್ರೂ ತಿರುಗಿಸಿ ಅಥವಾ ಗುಂಡಿ ಒತ್ತಿ ಹೊಂದಿಸಿ. ತೊಳೆದು, ಟಿಶ್ಯೂಗೆ ತಾಗಿಸಿ ನೀರು ಇಳಿಸಿ, ಆಮೇಲೆ 9.18. ಒಂದೇ ಸ್ಕ್ರೂ ಇರುವ ಪೆನ್ನಾದರೆ 9.18ರಲ್ಲಿ ಹೊಂದಿಸಲು ಹೋಗಬೇಡಿ, ಸುಮ್ನೆ ನೋಡಿ. ಅಲ್ಲಿ 0.2ಕ್ಕಿಂತ ಜಾಸ್ತಿ ತಪ್ಪಿದರೆ ಗಾಜಿನ ತುದಿಗೆ ವಯಸ್ಸಾಗಿದೆ ಅಂತ ಅರ್ಥ. ಇಂಥ ತುದಿಯ ಆಯಸ್ಸೇ ಒಂದೆರಡು ವರ್ಷ. ಬಳಸಿದ ದ್ರಾವಣವನ್ನು ಬಾಟಲಿಗೆ ವಾಪಸ್ ಸುರಿಯಬೇಡಿ. 9.18ರದ್ದನ್ನಂತೂ ಮುಚ್ಚಳ ತೆಗೆದು ಇಡಲೇಬೇಡಿ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ತಾನಾಗಿಯೇ ಇಳಿಯುತ್ತದೆ.

ಇನ್ನು ನಮ್ಮ ಬಿಸಿಲಿನ ಸಂಗತಿ. ಇದನ್ನು ಯಾರೂ ಹೇಳುವುದಿಲ್ಲ, ಯಾಕಂದರೆ ಸಲಹೆ ಬರೆಯುವವರು ತಂಪು ಊರಿನಲ್ಲಿ ಕೂತಿರುತ್ತಾರೆ. 9.18 ಅನ್ನುವುದು 25 ಡಿಗ್ರಿಯಲ್ಲಿ ಮಾತ್ರ. 30ಕ್ಕೆ ಅದು 9.14, 40ಕ್ಕೆ 9.07 ಆಗಿರುತ್ತದೆ. 6.86ರದ್ದು ಅಷ್ಟು ಕುಣಿಯುವುದಿಲ್ಲ, 40ರಲ್ಲೂ 6.84. ಮೇ ತಿಂಗಳ ಮಧ್ಯಾಹ್ನ ನಮ್ಮ ಹಾಲ್‌ನಲ್ಲೇ 38 ಇರುವಾಗ ನೀವು ಪೆನ್ನನ್ನು ಎಳೆದು 9.18ಕ್ಕೆ ನಿಲ್ಲಿಸಿದರೆ ತಪ್ಪು ಮಾಡಿದ ಹಾಗೇ. ಪೆನ್ನಿನ ಮೇಲೆ ಎಟಿಸಿ ಅಂತ ಬರೆದಿದೆಯಲ್ಲ, ತಾಪಮಾನ ತಾನೇ ನೋಡಿಕೊಳ್ಳುತ್ತದೆ ಅಂತ ನಾನೂ ನಂಬಿದ್ದೆ. ಅದು ನೋಡಿಕೊಳ್ಳುವುದು ಗಾಜಿನ ತುದಿಯಲ್ಲಿ ಹುಟ್ಟುವ ವೋಲ್ಟೇಜಿನ ಲೆಕ್ಕ ಮಾತ್ರ. 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ 59 ಮಿಲಿವೋಲ್ಟ್, 40ರಲ್ಲಿ 62. ಪುಡಿ ನೀರಿನ ಪಿಎಚ್ಚೇ ಬಿಸಿಗೆ ಬದಲಾಗಿದೆ ಅನ್ನುವುದನ್ನು ಅದು ನಿಮಗೆ ಹೇಳುವುದಿಲ್ಲ. ನಾನು ಮಾಡುವ ಉಪಾಯ ಇಷ್ಟೇ: ಬೆಳಿಗ್ಗೆ ಬೇಗ ಎದ್ದು, ಹರವಿಯಿಂದ ಒಂದು ಬಟ್ಟಲು ತಣ್ಣೀರು ತೆಗೆದು, ಅದರಲ್ಲಿ ಬಾಟಲಿಗಳನ್ನು ಅರ್ಧ ಗಂಟೆ ಇಡುತ್ತೇನೆ. ಹರವಿ ನೀರು ಬೇಸಿಗೆಯಲ್ಲೂ 25ರ ಆಸುಪಾಸಿಗೆ ಬಂದಿರುತ್ತದೆ. "ಕುಡಿಯೋ ನೀರಾಗ ಔಷಧ ಬಾಟ್ಲಿ ಇಡಬ್ಯಾಡೋ" ಅಂತ ಅವ್ವ ಬೈಯುತ್ತಾಳೆ, ಹರವಿಯೊಳಗಲ್ಲ ಬಟ್ಟಲಲ್ಲಿ ಅಂತ ಪ್ರತಿ ಸಲ ಹೇಳಬೇಕು.

ಪೆನ್ನನ್ನು ಎತ್ತಿಡುವುದು ಇನ್ನೊಂದು ಗೋಳು. ಮೊದಲ ಪೆನ್ನನ್ನು ನಾನು ಚೊಕ್ಕಟವಾಗಿ ಆರ್‌ಒ ನೀರಲ್ಲಿ ತೊಳೆದು, ಮುಚ್ಚಳದಲ್ಲೂ ಅದೇ ನೀರು ಹಾಕಿ ಇಡುತ್ತಿದ್ದೆ. ಶುದ್ಧ ನೀರು ಒಳ್ಳೆಯದೇ ಅಲ್ವಾ ಅಂತ. ಅದೇ ತಪ್ಪು. ಗಾಜಿನ ತುದಿಯ ಒಳಗಿರುವ ಉಪ್ಪು ಹೊರಗಿನ ಶುದ್ಧ ನೀರಿಗೆ ನಿಧಾನಕ್ಕೆ ಸೋರಿಹೋಗುತ್ತದೆ, ಪೆನ್ನು ಮಂಕಾಗುತ್ತದೆ. ಒಣಗಿಸಿಟ್ಟರೂ ಕೆಡುತ್ತದೆ. ಮುಚ್ಚಳದೊಳಗೆ ಪೊಟ್ಯಾಶಿಯಂ ಕ್ಲೋರೈಡ್ ನೀರಿನ ನಾಲ್ಕು ಹನಿ ಇರಬೇಕು. 100 ಮಿಲಿ ಡಿಸ್ಟಿಲ್ಡ್ ನೀರಿಗೆ 22 ಗ್ರಾಂ ಚಿಲ್ಲರೆ ಆ ಉಪ್ಪು ಹಾಕಿದರೆ ಆಯಿತು, ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ, ಬೇಡ ಅಂತ ಬಿಟ್ಟ 4.01ರ ಪೊಟ್ಟಣ ಇದೆಯಲ್ಲ, ಅದನ್ನು ಕಲಸಿ ಹಾಕಿ, ನಡೆಯುತ್ತದೆ. ನಮ್ಮ ಬೇಸಿಗೆಯಲ್ಲಿ ಮುಚ್ಚಳ ಎಷ್ಟು ಬಿಗಿ ಇದ್ದರೂ ಹದಿನೈದು ದಿನಕ್ಕೆ ಒಣಗುತ್ತದೆ. ಬಿಳಿ ಪುಡಿ ಕಟ್ಟಿದ್ದರೆ ಹೆದರಬೇಡಿ, ಅದು ಅದೇ ಉಪ್ಪು. ತೊಳೆದು ಒಂದು ರಾತ್ರಿ ನೆನೆಹಾಕಿ.

ಗಾಜಿನ ಗುಳ್ಳೆಯ ಮೇಲೆಯೇ ಬಿಳಿ ಪೊರೆ ಕಟ್ಟಿದ್ದರೆ ಅದು ಬೇರೆ. ಅದು ಸುಣ್ಣ. ಕೂಲರಿನ ಹುಲ್ಲಿಗೆ ಎರಡೇ ತಿಂಗಳಲ್ಲಿ ಕಲ್ಲಿನಂತೆ ಕಟ್ಟುತ್ತದಲ್ಲ, ಅದೇ. ವಿನೆಗರ್‌ನಲ್ಲಿ ಐದು ನಿಮಿಷ ಬಿಟ್ಟು, ತೊಳೆದು, ಪೊಟ್ಯಾಶಿಯಂ ಕ್ಲೋರೈಡ್‌ನಲ್ಲಿ ಒಂದು ತಾಸು ಇಟ್ಟು, ಮತ್ತೆ 6.86ಕ್ಕೆ ಹೊಂದಿಸಿ. ಬಟ್ಟೆಯಿಂದ ಉಜ್ಜಬೇಡಿ. ನನ್ನ ಎರಡನೇ ಪೆನ್ನು ಹಾಗೇ ಹೋಗಿದ್ದು, ಅಂಗಿಯ ತುದಿಯಿಂದ ಒರೆಸಿ.

ತೊಟ್ಟಿಯಲ್ಲೇ ನೇರ ಅದ್ದುವುದನ್ನೂ ಬಿಟ್ಟಿದ್ದೇನೆ. ಒಂದು ಸಲ ಪೆನ್ನಿನ ಅಂಕಿ ನಿಲ್ಲುತ್ತಲೇ ಇರಲಿಲ್ಲ, 7.9, 8.4, 8.1 ಅಂತ ಓಡಾಡುತ್ತಿತ್ತು. ಸೆಲ್ ಬದಲಿಸಿದೆ. ಪುಡಿ ನೀರಲ್ಲಿ ಅದ್ದಿದರೆ ಗಪ್‌ಚಿಪ್ ನಿಂತುಕೊಳ್ಳುತ್ತದೆ, ತೊಟ್ಟಿಯಲ್ಲಿ ಮಾತ್ರ ಕುಣಿತ. ಕೊನೆಗೆ ಫಿಲ್ಟರ್ ಮೋಟಾರಿನ ಪ್ಲಗ್ ಕಿತ್ತ ಕೂಡಲೇ ನಿಂತಿತು. ಮೋಟಾರಿನಿಂದ ನೀರಿಗೆ ಸ್ವಲ್ಪ ಕರೆಂಟ್ ಸೋರುತ್ತಿತ್ತು. ಅಂಥ ನೀರಿಗೆ ನಾನು ದಿನಾ ಕೈ ಹಾಕುತ್ತಿದ್ದೆ ಅಂತ ನೆನೆದರೆ ಈಗಲೂ ಮೈ ಝುಂ ಅನ್ನುತ್ತದೆ. ನಿಮ್ಮ ಪೆನ್ನೂ ಹೀಗೆ ಕುಣಿದರೆ ಮೊದಲು ಮೋಟಾರು, ಹೀಟರಿನ ಪ್ಲಗ್ ತೆಗೆದು ನೋಡಿ, ಆಮೇಲೆ ಪೆನ್ನಿಗೆ ಬೈಯಿರಿ. ಈಗ ನಾನು ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು, ಪಕ್ಕಕ್ಕೆ ಬಂದು, ಅದರಲ್ಲಿ ಅಳೆಯುತ್ತೇನೆ. ಆ ಲೋಟ ಮೀನಿನದು ಅಂತ ಬಣ್ಣದ ಗುರುತು ಹಾಕಿದ್ದೇನೆ, ಯಾಕೆ ಅಂತ ಕೇಳಬೇಡಿ.

ಯಾವಾಗ ಅಳೆಯಬೇಕು ಅನ್ನುವುದು ಎಷ್ಟು ಮುಖ್ಯ ಅಂತ ನನಗೆ ಬಹಳ ತಡವಾಗಿ ಗೊತ್ತಾಯಿತು. ತೊಟ್ಟಿಯಲ್ಲಿ ಗಿಡ ಇದ್ದರೆ ಬೆಳಿಗ್ಗೆ ದೀಪ ಹಾಕುವ ಮೊದಲು ಪಿಎಚ್ ಕೆಳಗಿರುತ್ತದೆ, ಸಂಜೆಗೆ ಏರಿರುತ್ತದೆ. ಹಗಲೆಲ್ಲ ಗಿಡಗಳು ಇಂಗಾಲದ ಡೈಆಕ್ಸೈಡ್ ತಿನ್ನುತ್ತವೆ, ರಾತ್ರಿ ಗಿಡ, ಮೀನು ಎಲ್ಲ ಸೇರಿ ಅದನ್ನು ನೀರಿಗೆ ಬಿಡುತ್ತವೆ. ನನ್ನ ತೊಟ್ಟಿಯಲ್ಲಿ ಬೆಳಿಗ್ಗೆ 7.9, ಸಂಜೆ 8.3. ಎರಡೂ ಸರಿ. ಒಂದು ದಿನ ಬೆಳಿಗ್ಗೆ, ಒಂದು ದಿನ ಸಂಜೆ ಅಳೆದು ಏನೋ ಆಗಿದೆ ಅಂತ ಔಷಧಿ ಹಾಕುವವನು ಸರಿ ಇಲ್ಲ. ಬೋರ್ ನೀರಿನದೂ ಇದೇ ಕತೆ. ಆಗತಾನೇ ಬಿಟ್ಟ ನೀರು 7.3 ತೋರಿಸುತ್ತದೆ, ಅದನ್ನೇ ಬಕೀಟಿನಲ್ಲಿ ಗಾಳಿಕಲ್ಲು ಹಾಕಿ ಒಂದು ದಿನ ಬಿಟ್ಟರೆ 8.2. ನೆಲದೊಳಗೆ ಒತ್ತಿ ಕೂತಿದ್ದ ಅನಿಲ ಹೊರಗೆ ಹೋದ ಮೇಲಿನ ಅಂಕಿಯೇ ಅದರ ನಿಜವಾದ ಅಂಕಿ. ಹೊಸ ನೀರು ಹಾಕುವ ಮೊದಲು ಆ ಅಂಕಿಯನ್ನೇ ನೋಡಬೇಕು.

ಹನಿ ಹಾಕಿ ಬಣ್ಣ ನೋಡುವ ಕಿಟ್ ಜೊತೆ ಹೋಲಿಸಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಮಾಮೂಲಿ ಪಿಎಚ್ ಹನಿ 6.0ರಿಂದ 7.6ರವರೆಗೆ ಮಾತ್ರ ಹೇಳುತ್ತದೆ. ನಮ್ಮ ನೀರಿಗೆ ಹಾಕಿದರೆ ಯಾವತ್ತೂ ಕಡು ನೀಲಿ. 7.7 ಇದ್ದರೂ ನೀಲಿ, 8.7 ಇದ್ದರೂ ನೀಲಿ. ಇಲ್ಲಿಯವರು ಕೇಳಿ ತೆಗೆದುಕೊಳ್ಳಬೇಕಾದ್ದು ಹೈ ರೇಂಜ್ ಹನಿ.

ಈಗ ಟಿಡಿಎಸ್ ಪೆನ್ನಿಗೆ ಬರೋಣ. ಇದು ಪಾಪದ ಪ್ರಾಣಿ, ಅಷ್ಟು ಬೇಗ ಕೆಡುವುದಿಲ್ಲ, ತುದಿಯಲ್ಲಿ ಎರಡು ಲೋಹದ ಕಡ್ಡಿ ಬಿಟ್ಟರೆ ಕೆಡುವಂಥದ್ದು ಏನೂ ಇಲ್ಲ. ಆದರೆ ಮನುಷ್ಯನನ್ನು ಮೂರ್ಖನನ್ನಾಗಿ ಮಾಡುವುದರಲ್ಲಿ ಪಿಎಚ್ ಪೆನ್ನಿಗಿಂತ ಒಂದು ಕೈ ಮೇಲು. ಮೊದಲ ವಾರ ನಮ್ಮ ಬೋರ್ ನೀರು ಅಳೆದೆ. 114. ಎಲ್ಲ ಗೆಳೆಯರಿಗೂ ಫೋನ್ ಮಾಡಿ ಹೇಳಿದೆ, ನಮ್ಮ ಓಣಿಯ ಬೋರ್ ಆರ್‌ಒ ಇದ್ದ ಹಾಗಿದೆ ನೋಡ್ರಿ ಅಂತ. ಎರಡು ವಾರ ಆದ ಮೇಲೆ ಒಬ್ಬ ಮನೆಗೆ ಬಂದವನು ಕನ್ನಡಕ ಹಾಕಿಕೊಂಡು ಪರದೆಯ ಮೂಲೆ ತೋರಿಸಿದ. ಅಲ್ಲಿ ಇರುವೆಯಷ್ಟು ಸಣ್ಣದಾಗಿ ×10 ಅಂತ ಇತ್ತು. 999 ದಾಟಿದರೆ ಈ ಪೆನ್ನು ಹತ್ತರಿಂದ ಗುಣಿಸಿಕೋ ಅಂತ ಹೀಗೆ ಗುಟ್ಟಾಗಿ ಹೇಳುತ್ತದೆ. 1140! ಕುಡಿಯುವ ನೀರಿಗೆ ಭಾರತದ ಮಾನಕದಲ್ಲಿ 500 ಒಪ್ಪುವ ಮಿತಿ, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ. ಆ ಗೆಳೆಯ ಇವತ್ತಿಗೂ ನನ್ನನ್ನು ನೋಡಿದರೆ ಹತ್ತು ಬೆರಳು ತೋರಿಸುತ್ತಾನೆ.

ಇಬ್ಬರ ಪೆನ್ನು ಒಂದೇ ನೀರಿಗೆ ಬೇರೆ ಬೇರೆ ಅಂಕಿ ತೋರಿಸಿದರೆ ಯಾರದು ಸರಿ ಅಂತ ಜಗಳ ಆಗುತ್ತದೆ. ಇಬ್ಬರದೂ ಸರಿ ಇರಬಹುದು. ಪೆನ್ನು ಉಪ್ಪನ್ನು ತೂಗುವುದಿಲ್ಲ, ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ ಒಂದು ಸಂಖ್ಯೆಯಿಂದ ಗುಣಿಸುತ್ತದೆ. ಕೆಲವು ಕಂಪನಿ 0.5, ಕೆಲವು 0.7. ನಿಮ್ಮದು ಯಾವುದು ಅಂತ ಮನೆಯಲ್ಲೇ ಪತ್ತೆ ಹಚ್ಚಬಹುದು. ಸರಿಯಾಗಿ ಒಂದು ಗ್ರಾಂ ಅಡುಗೆ ಉಪ್ಪನ್ನು 2 ಲೀಟರ್ ಡಿಸ್ಟಿಲ್ಡ್ ನೀರಲ್ಲಿ ಕರಗಿಸಿ. ಪೆನ್ನು 500ರ ಹತ್ತಿರ ತೋರಿಸಿದರೆ 0.5ರದ್ದು, 700ರ ಹತ್ತಿರ ತೋರಿಸಿದರೆ 0.7ರದ್ದು. ಎರಡೂ ಅಲ್ಲದಿದ್ದರೆ ಕಡ್ಡಿಗಳನ್ನು ಸ್ಪಿರಿಟ್‌ನಿಂದ ಒರೆಸಿ ಮತ್ತೆ ನೋಡಿ. ಒಂದು ಗ್ರಾಂ ತೂಗುವುದು ಹೇಗೆ? ನಾನು ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಉಪ್ಪಿನ ಪೊಟ್ಟಣ ಹಿಡಿದುಕೊಂಡು ಹೋಗಿದ್ದೆ. ಬಂಗಾರದ ತಕ್ಕಡಿಯಲ್ಲಿ ಉಪ್ಪು ತೂಗಿಸಿದ ಗಿರಾಕಿ ನೀವೊಬ್ಬರೇ ಅಂತ ಅವರು ಚಹಾ ಕುಡಿಸಿ ಕಳಿಸಿದರು.

ಅಳೆಯುವಾಗ ಗೆರೆ ಇರುವಲ್ಲಿಯವರೆಗೆ ಮಾತ್ರ ಅದ್ದಿ, ಲೋಟಕ್ಕೆ ಒಂದೆರಡು ಸಲ ಮೆಲ್ಲಗೆ ತಟ್ಟಿ. ಕಡ್ಡಿಗಳ ನಡುವೆ ಗಾಳಿಗುಳ್ಳೆ ಕೂತರೆ ಅಂಕಿ ಕಡಿಮೆ ಬರುತ್ತದೆ.

ಆದರೆ ಟಿಡಿಎಸ್ ಅಂಕಿ ನೋಡಿ ನೀರು ಗಡಸೋ ಮೆದುವೋ ಅಂತ ಹೇಳಲು ಹೋದರೆ ಮೋಸ ಹೋಗುತ್ತೀರಿ. ಪೆನ್ನಿಗೆ ಅಡುಗೆ ಉಪ್ಪೂ ಒಂದೇ, ಸುಣ್ಣವೂ ಒಂದೇ. ಇದನ್ನು ನನಗೆ ಅರ್ಥ ಮಾಡಿಸಿದ್ದು ಅವ್ವ. ಪಕ್ಕದ ಓಣಿಯ ಒಂದು ಬೋರ್ 900 ತೋರಿಸಿತು, ಚಿಕ್ಕಪ್ಪನ ಹೊಲದ ಬಾವಿಯೂ 900ರ ಹತ್ತಿರವೇ. ಎರಡೂ ಒಂದೇ ನೀರು ಅಂದೆ. "ಒಂದೇ ಹೆಂಗಾಗ್ತದ? ಇಲ್ಲಿ ಬೋರಿನ ನೀರಾಗ ಬ್ಯಾಳಿ ಕುದಿಯಂಗಿಲ್ಲ, ಸಬಕಾರ ನೊರಿ ಏಳಂಗಿಲ್ಲ. ಹೊಲದ ನೀರು ಸವಳದ ಖರೆ, ಆದ್ರ ಬ್ಯಾಳಿ ಬೆಣ್ಣಿಯಂಗ ಆಗ್ತದ" ಅಂದಳು. ಒಂದರಲ್ಲಿ ಸುಣ್ಣ, ಇನ್ನೊಂದರಲ್ಲಿ ಉಪ್ಪು. ತೊಗರಿ ಬೆಳೆಯುವ ಊರಿನಲ್ಲಿ ತೊಗರಿ ಬೇಳೆಗಿಂತ ದೊಡ್ಡ ಮೀಟರ್ ಬೇಕೇ. ಮೀನಿಗೂ ಇದು ಮುಖ್ಯ: ಮೋಲಿ, ಗಪ್ಪಿ, ಪ್ಲಾಟಿಗಳಿಗೆ ಸುಣ್ಣದ ನೀರು ಹಬ್ಬ, ಡಿಸ್ಕಸ್‌ಗೆ ಆಗುವುದಿಲ್ಲ. ಬೇಳೆ ಬೇಯಿಸಿ ನೋಡುವಷ್ಟು ಪುರುಸೊತ್ತು ಇಲ್ಲದವರು ಜಿಎಚ್, ಅಂದರೆ ನೀರಿನ ಗಡಸುತನ ಅಳೆಯುವ ಹನಿ ಕಿಟ್ ತರಲಿ. 5 ಮಿಲಿ ನೀರಿಗೆ ಒಂದೊಂದೇ ಹನಿ ಹಾಕಿ, ಬಣ್ಣ ಬದಲಾಗುವವರೆಗೆ ಎಣಿಸುವುದು. ಸಾಮಾನ್ಯವಾಗಿ ಒಂದು ಹನಿ ಅಂದರೆ ಸುಮಾರು 18 ಪಿಪಿಎಂ ಗಡಸುತನ. ಇದನ್ನು ಯಾವ ಅಗ್ಗದ ಪೆನ್ನೂ ಹೇಳುವುದಿಲ್ಲ.

ಸುಣ್ಣದ ಮಾತು ಬಂತು, ಹೇಳಿಬಿಡುತ್ತೇನೆ. ಮನೆ ಕಟ್ಟುವಾಗ ಉಳಿದ ಪರಸಿ ಕಲ್ಲಿನ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ತೊಟ್ಟಿಯೊಳಗೆ ಗುಹೆ ಮಾಡುವುದು ಇಲ್ಲಿ ಎಲ್ಲರ ಚಟ. ನೋಡಲು ಚೆಂದ. ಆದರೆ ಅದು ಸುಣ್ಣಕಲ್ಲು. ಕೆರೆದ ಜಾಗದ ಮೇಲೆ ನಿಂಬೆ ರಸ ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ. ಒಂದು ತುಂಡನ್ನು ಆರ್‌ಒ ನೀರಿನ ಡಬ್ಬಿಯಲ್ಲಿ ಹಾಕಿಟ್ಟೆ, 40 ಇದ್ದ ಅಂಕಿ ಹತ್ತು ದಿನಕ್ಕೆ 90 ಆಯಿತು. ಮೋಲಿ ಸಾಕುವವರು ಕಲ್ಲು ಇಟ್ಟುಕೊಳ್ಳಿ, ಏನೂ ತೊಂದರೆ ಇಲ್ಲ. ಆರ್‌ಒ ನೀರು ಬೆರೆಸಿ ಮೆದು ನೀರು ಮಾಡುತ್ತೇನೆ ಅನ್ನುವವರು ಕಲ್ಲು ತೆಗೆಯದೆ ಪೆನ್ನಿನ ಜೊತೆ ಜಗಳ ಆಡಬೇಡಿ.

ಟಿಡಿಎಸ್ ಪೆನ್ನು ನಿಜವಾಗಿ ಉಪಯೋಗಕ್ಕೆ ಬರುವುದು ಬೇಸಿಗೆಯಲ್ಲಿ. ತೊಟ್ಟಿಯ ಮೇಲೆ ಫ್ಯಾನ್ ಬಿಟ್ಟರೆ ನೀರು ತಂಪಾಗುತ್ತದೆ, ಆದರೆ ವಾರಕ್ಕೆ 10 ಲೀಟರ್ ಆವಿಯಾಗಿ ಹೋಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪೆಲ್ಲ ತೊಟ್ಟಿಯಲ್ಲೇ. ಕಡಿಮೆ ಆದದ್ದನ್ನು ನಾನು ಬೋರ್ ನೀರಿನಿಂದ ತುಂಬುತ್ತಿದ್ದೆ. ಲೆಕ್ಕ ಹಾಕಿ: 1140ರ ನೀರು 10 ಲೀಟರ್ ಅಂದರೆ 11 ಗ್ರಾಂಗಿಂತ ಜಾಸ್ತಿ ಉಪ್ಪು, 110 ಲೀಟರಿನ ತೊಟ್ಟಿಗೆ ವಾರಕ್ಕೆ ನೂರು ಪಿಪಿಎಂ ಸೇರಿತು. ಎರಡು ತಿಂಗಳಿಗೆ ಎಂಟು ನೂರು. ಮೀನಿಗೆ ಇದು ನಿಧಾನಕ್ಕೆ ಆಗುವುದರಿಂದ ಅದು ಸಾಯುವುದಿಲ್ಲ, ಆದರೆ ಅಂಗಡಿಯಿಂದ ತಂದು ಬಿಟ್ಟ ಹೊಸ ಮೀನು ಒಂದು ರಾತ್ರಿಯೂ ಬದುಕುವುದಿಲ್ಲ. ಹೊಸ ಮೀನೇ ಯಾಕೆ ಸಾಯುತ್ತದೆ ಅಂತ ನಾನು ಅಂಗಡಿಯವನಿಗೆ ಎಷ್ಟು ಬೈದಿದ್ದೇನೋ. ಈಗ ಆವಿಯಾದಷ್ಟನ್ನು ಆರ್‌ಒ ನೀರಿನಿಂದ ತುಂಬುತ್ತೇನೆ. ವಾರಕ್ಕೊಮ್ಮೆ ಬದಲಿಸುವ ನೀರು ಮಾತ್ರ ನಳದ್ದು. ನಮಗೆ ಭೀಮಾ ಮತ್ತು ಬೆಣ್ಣೆತೊರೆ ನದಿಯ ನೀರು ಬರುತ್ತದೆ, ನಾಲ್ಕೈದು ದಿನಕ್ಕೊಮ್ಮೆ ಬಂದರೂ ಬೋರಿಗಿಂತ ಎಷ್ಟೋ ಹಗುರ, ನಮ್ಮನೆಯಲ್ಲಿ 380 ತೋರಿಸುತ್ತದೆ. ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯುತ್ತೇನೆ. ಹೀಗೆ ಬರೆದಿಟ್ಟರೆ ಪೆನ್ನು 30 ಹೆಚ್ಚು ಕಡಿಮೆ ತೋರಿಸಿದರೂ ಚಿಂತೆ ಇಲ್ಲ. ಅದೇ ಪೆನ್ನು, ಅದೇ ಹೊತ್ತು, ಅದೇ ಲೋಟ ಇದ್ದರೆ ಏರುತ್ತಿದೆಯೋ ಇಲ್ಲವೋ ಅಂತ ಗೊತ್ತಾಗುತ್ತದೆ, ಬೇಕಾದ್ದು ಅಷ್ಟೇ.

ಎರಡೂ ಪೆನ್ನು ಬಾಯಿ ಬಿಡದ ಸಂಗತಿಗಳೇ ಮೀನನ್ನು ಬೇಗ ಕೊಲ್ಲುವುದು. ನಳದ ನೀರಿನ ಕ್ಲೋರಿನ್ ಪೆನ್ನಿಗೆ ಕಾಣುವುದಿಲ್ಲ, ಮೂಗಿಗೆ ಕಾಣುತ್ತದೆ, ಹರಳಿನ ಆಂಟಿ ಕ್ಲೋರಿನ್ ಹಾಕಿಯೇ ಬಳಸಿ. ಇನ್ನೊಂದು ಅಮೋನಿಯಾ. ಒಮ್ಮೆ ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಹಿಡಿದು ಬೆಳ್ಳಗೆ ತೊಳೆದೆ, ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಹೋದವು. ಎರಡು ದಿನಕ್ಕೆ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಟಿಡಿಎಸ್ 420, ಪಿಎಚ್ 8.2, ಎಲ್ಲ ಸರಿ ಇದೆ ಅಂತ ಪೆನ್ನು ಹೇಳುತ್ತಿದೆ! ಹನಿ ಕಿಟ್ ಹಾಕಿದರೆ ಕಡು ಹಸಿರು. ನಮ್ಮ ಕಡೆ ಇದು ಇನ್ನೂ ಅಪಾಯ, ಯಾಕಂದರೆ ಪಿಎಚ್ ಮತ್ತು ಬಿಸಿ ಎರಡೂ ಜಾಸ್ತಿ ಇದ್ದರೆ ಅಮೋನಿಯಾದಲ್ಲಿ ವಿಷದ ಪಾಲು ಏರುತ್ತದೆ. ಪಿಎಚ್ 7, ನೀರು 25 ಡಿಗ್ರಿ ಇದ್ದರೆ ನೂರಕ್ಕೆ ಒಂದು ಪಾಲೂ ವಿಷ ಇರುವುದಿಲ್ಲ. 8.2 ಮತ್ತು 32 ಡಿಗ್ರಿ, ಅಂದರೆ ನಮ್ಮ ಏಪ್ರಿಲ್, ನೂರಕ್ಕೆ ಹನ್ನೆರಡು ಪಾಲು. ದುಡ್ಡು ಒಂದಕ್ಕೇ ಇದೆ, ಎರಡನೇ ಪೆನ್ನೋ ಅಮೋನಿಯಾ ಹನಿಯೋ ಅಂತ ಯಾರಾದರೂ ಕೇಳಿದರೆ, ಹನಿ ತಗೊಳ್ರಿ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ.

ಸೆಲ್ ವಿಷಯ ಮರೆತಿದ್ದೆ. ಪರದೆ ಮಸುಕಾದರೆ ಅಂಕಿಯನ್ನು ನಂಬಬೇಡಿ. ಎಲ್‌ಆರ್44 ಗುಂಡು ಸೆಲ್ ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ಊರಿಗೆ ಹೋಗುವಾಗ ತೆಗೆದಿಟ್ಟು ಹೋಗಿ, ಸೋರಿ ಹಸಿರು ಹಿಡಿದರೆ ಪೆನ್ನು ಮುಗಿಯಿತು.

ಹೋದ ವಾರ ಬೀದರಿನಿಂದ ಅಕ್ಕನ ಮಗ ಫೋನ್ ಮಾಡಿದ್ದ. ನನ್ನನ್ನು ನೋಡಿ ಅವನೂ ತೊಟ್ಟಿ ಇಟ್ಟಿದ್ದಾನೆ. "ಮಾಮಾ, ಟಿಡಿಎಸ್ ಪೆನ್ ತಂದೀನಿ, ನಮ್ಮ ಬಾವಿ ನೀರು 98 ಅದ!" ಅಂದ. ನನಗೆ ಒಳಗೊಳಗೇ ನಗು. "ಫೋಟೋ ಕಳಿಸು, ಮೂಲೆಯಲ್ಲಿ ಸಣ್ಣದಾಗಿ ×10 ಅಂತ ಇರ್ತದ ನೋಡು" ಅಂದೆ. ಕಳಿಸಿದ. ಎರಡು ಬೆರಳಿಂದ ಎಳೆದು ದೊಡ್ಡದು ಮಾಡಿ ನೋಡಿದೆ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ×10 ಇರಲಿಲ್ಲ. ಬೀದರಿನ ನೆಲ ಕೆಂಪು ಜಂಬಿಟ್ಟಿಗೆ, ಅಲ್ಲಿ ಸುಣ್ಣ ಎಲ್ಲಿಂದ ಬರಬೇಕು. ಹುಡುಗನ ನೀರು ನಿಜವಾಗಿಯೂ 98. ಡಿಸ್ಕಸ್ ಸಾಕಬಹುದಾ ಮಾಮಾ ಅಂತ ಕೇಳುತ್ತಿದ್ದಾನೆ. ಮೊದಲು ಪೊಟ್ಟಣದ ಪುಡಿ ಕಲಸಿ ಪಿಎಚ್ ಪೆನ್ನು ನೋಡಿಕೋ ಅಂತ ಹೇಳಿ ಫೋನ್ ಇಟ್ಟೆ.